ಕುಡಿತ ಬಿಡಲು ‘ಎಎ’ ಸಭೆ: ಹುಡುಕುವುದು ಹೇಗೆ, ಹೋಗುವುದು ಹೇಗೆ?

ಕುಡಿತ ಬಿಡಬಯಸುವವರು ಒಬ್ಬರಿಗೊಬ್ಬರು ಆಸರೆಯಾಗುವ ಕೂಟವೇ ಆಲ್ಕೊಹಾಲಿಕ್ಸ್ ಅನಾನಿಮಸ್, ಸಂಕ್ಷಿಪ್ತವಾಗಿ ‘ಎಎ’. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಇದನ್ನು ಆರಂಭಿಸಿದರು. ಇಬ್ಬರೂ ಮದ್ಯವ್ಯಸನದಿಂದ ನರಳಿದವರೇ.

ಸದಸ್ಯತ್ವ: ಕುಡಿತ ನಿಲ್ಲಿಸುವ ಬಯಕೆಯೊಂದೇ ಅರ್ಹತೆ. ಶುಲ್ಕವಿಲ್ಲ. ಸಭೆಯ ಖರ್ಚಿಗೆ ಸದಸ್ಯರು ಸ್ವಇಚ್ಛೆಯಿಂದ ಕಾಣಿಕೆ ನೀಡುತ್ತಾರೆ. ಚರ್ಚ್ ಸಭಾಂಗಣದಲ್ಲಿ ಸಭೆ ನಡೆದರೂ ಕೂಟ ಯಾವ ಮತಕ್ಕೂ ಸೇರಿದ್ದಲ್ಲ.

ಹುಡುಕುವ ಬಗೆ: ಬೆಂಗಳೂರು, ಮಂಗಳೂರು ಸೇರಿದಂತೆ ರಾಜ್ಯದ ಹಲವು ಊರುಗಳಲ್ಲಿ ಸಭೆಗಳು ನಡೆಯುತ್ತವೆ. ಸ್ಥಳ, ಸಮಯ, ಭಾಷೆಯನ್ನು ಎಎ ಸಹಾಯವಾಣಿಯಲ್ಲಿ ಮೊದಲೇ ವಿಚಾರಿಸುವುದು ಒಳಿತು. ಆನ್‌ಲೈನ್ ಸಭೆಗಳೂ ಉಂಟು. ‘ಮುಕ್ತ’ ಸಭೆಗೆ ಬಂಧುಮಿತ್ರರೂ ಬರಬಹುದು. ‘ಮುಚ್ಚಿದ’ ಸಭೆ ಕುಡಿತದ ಸಮಸ್ಯೆಯುಳ್ಳವರಿಗೆ ಮಾತ್ರ.

ಮೊದಲ ದಿನ: ಪೂರ್ಣ ಹೆಸರು ಹೇಳಬೇಕಿಲ್ಲ. ಮಾತನಾಡಲೇಬೇಕೆಂಬ ಕಡ್ಡಾಯವೂ ಇಲ್ಲ, ಸುಮ್ಮನೆ ಕುಳಿತು ಕೇಳಬಹುದು. ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದೆಂಬುದು ಸಂಪ್ರದಾಯ. ಮತ್ತೆ ಕುಡಿದು ಮರಳಿ ಬಂದವರನ್ನೂ ದೂರವಿಡುವುದಿಲ್ಲ.

ಎಚ್ಚರಿಕೆ: ವರ್ಷಗಟ್ಟಲೆ ದಿನವೂ ಕುಡಿದವರು ದಿಢೀರನೆ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಮೊದಲು ವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ ಸಂಖ್ಯೆ 14446. ಸಭೆಯು ಚಿಕಿತ್ಸೆಗೆ ಪೂರಕವೇ ಹೊರತು ಪರ್ಯಾಯವಲ್ಲ.

ಕುಟುಂಬಕ್ಕೆ: ವ್ಯಸನಿ ಸಭೆಗೆ ಬರಲು ಒಪ್ಪದಿದ್ದರೂ ಪತ್ನಿ, ತಂದೆ-ತಾಯಿ, ಮಕ್ಕಳು ‘ಅಲ್-ಅನಾನ್’ ಕೂಟದ ನೆರವು ಪಡೆಯಬಹುದು.