ಕಲ್ಲು ಆರುವಾಗ ಭೂಮಿ ಸುಮ್ಮನಿರಲಿಲ್ಲ

ರಾಮನಗರದ ಬಂಡೆ ಅಂದ್ರೆ ನಮಗೆಲ್ಲ ನೆನಪಾಗೋದು 1975ರ 'ಶೋಲೆ'. ಭೂವಿಜ್ಞಾನಿಗಳಿಗೆ ಮಾತ್ರ ಅದು ಇವತ್ತಿಗೂ 'ಕ್ಲೋಸ್‌ಪೇಟೆ ಗ್ರಾನೈಟ್'. ಟಿಪ್ಪುವಿನ ನಂತರ ಮೈಸೂರಿಗೆ ಬ್ರಿಟಿಷ್ ರೆಸಿಡೆಂಟ್ ಆಗಿ ಬಂದ ಬ್ಯಾರಿ ಕ್ಲೋಸ್‌ನಿಂದ ಊರಿಗೆ ಆ ಹೆಸರು. ಆಮೇಲೆ ಊರಿನ ಹೆಸರು ಬದಲಾಯಿತು, ಕಲ್ಲಿನದು ಹಾಗೇ ಉಳಿಯಿತು. ಉತ್ತರ-ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಹಬ್ಬಿರುವ ಈ ಕಲ್ಲಿನ ಪಟ್ಟಿಗೆ ಹತ್ತಿರ ಹತ್ತಿರ 250 ಕೋಟಿ ವರ್ಷ ವಯಸ್ಸು.

ಇಷ್ಟೊಂದು ಕರಗಿದ ಕಲ್ಲು ಆರುವಾಗ ಸುತ್ತಲಿನ ಭೂಮಿ ಸುಮ್ಮನಿತ್ತಾ, ಇಲ್ಲ ಅದನ್ನು ಅಮುಕಿ ಎಳೀತಾ ಇತ್ತಾ? ಆಲೆಮನೆ ನೋಡಿದವರಿಗೆ ಈ ಪ್ರಶ್ನೆ ಬೇಗ ಹೊಳೆಯುತ್ತೆ. ಬೆಲ್ಲದ ಪಾಕವನ್ನು ಹಾಗೇ ಬಿಟ್ಟರೆ ಒಂದು ಥರ ಗಟ್ಟಿಯಾಗುತ್ತೆ, ತಿರುವುತ್ತಾ ಆರಿಸಿದರೆ ಹರಳೇ ಬೇರೆ.

ಕಲ್ಲಿನ ಹರಳು ಓದುವ ದಾರಿ ತೋರಿಸಿದ್ದು ಇಂಗ್ಲೆಂಡಿನ ಶೆಫೀಲ್ಡ್‌ನ ಹೆನ್ರಿ ಸಾರ್ಬಿ. ಬೆಳಕು ಹಾಯುವಷ್ಟು ತೆಳ್ಳಗೆ ಕಲ್ಲನ್ನು ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ನೋಡಿ, 1858ರಲ್ಲಿ ಪ್ರಬಂಧ ಬರೆದ. ಬೆಟ್ಟ ನೋಡೋಕೆ ಸೂಕ್ಷ್ಮದರ್ಶಕ ಯಾಕಪ್ಪಾ ಅಂತ ನಕ್ಕವರೂ ಇದ್ದರು. ಇವತ್ತು ಆ ಸೀಳಿನ ದಪ್ಪ 0.03 ಮಿಲಿಮೀಟರ್.

ಅದರಲ್ಲಿ ಕಾಣೋದು ಏನು? ಗ್ರಾನೈಟ್ ಇನ್ನೂ ಅರೆಬರೆ ದ್ರವವಾಗಿದ್ದಾಗ ಒತ್ತಡ ಬಿದ್ದರೆ, ಫೆಲ್ಡ್‌ಸ್ಪಾರ್ ಹರಳುಗಳು ಹೊಳೆಯಲ್ಲಿ ತೇಲುವ ಕಡ್ಡಿಗಳಂತೆ ಒಂದೇ ದಿಕ್ಕಿಗೆ ತಿರುಗಿ ನಿಲ್ಲುತ್ತವೆ. ಆದರೆ ಮುರಿಯೋದಿಲ್ಲ, ಬಾಗೋದಿಲ್ಲ. ಗಟ್ಟಿಯಾದ ಮೇಲೂ ಬಿಸಿ 600 ಡಿಗ್ರಿಗಿಂತ ಮೇಲಿದ್ದಾಗ ಅಮುಕಿದರೆ, ಬೆಣಚುಕಲ್ಲಿನ ಹರಳೊಳಗೆ ಚದುರಂಗದ ಮನೆಗಳಂಥ ಚೌಕಗಳು ಮೂಡುತ್ತವೆ. 400 ಡಿಗ್ರಿ ಹೊತ್ತಿಗೆ ಬೆಣಚು ಇನ್ನೂ ಬಾಗಿ ಹರಿಯುತ್ತೆ, ಫೆಲ್ಡ್‌ಸ್ಪಾರ್ ಮಾತ್ರ ಬಿರುಕು ಬಿಡುತ್ತೆ. ಸುಮಾರು 300ಕ್ಕಿಂತ ಕೆಳಗೆ ಎರಡೂ ಒಡೆಯುತ್ತವೆ. ನಮ್ಮ ಸರ್ವರ್ ಲಾಗ್ ಇದ್ದಂಗೆ ಇದು. ಸಮಯದ ಬದಲು ತಾಪಮಾನ ಬರೆದಿರುತ್ತೆ, ಅಷ್ಟೇ.

ಫ್ರಾನ್ಸ್‌ನ ಮೊಯೆನ್, ನಮ್ಮ ಎಂ. ಜಯಾನಂದ ಮೊದಲಾದವರು 2003ರಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಬಗ್ಗೆ ಇಂಥ ಗುರುತುಗಳನ್ನಿಟ್ಟುಕೊಂಡೇ ಬರೆದರು. ಈ ಪಟ್ಟಿಯ ದಕ್ಷಿಣದಲ್ಲಿ ಭೂಮಿಯ ಆಳದ ಭಾಗ ಹೊರಬಿದ್ದಿದೆ, ಉತ್ತರಕ್ಕೆ ಹೋದಂತೆ ಮೇಲಿನ ಭಾಗ. ಒಂದೇ ಗ್ರಾನೈಟನ್ನು ಬುಡದಿಂದ ತಲೆಯವರೆಗೆ ನಡೆದೇ ನೋಡಬಹುದು! ಅವರ ತೀರ್ಮಾನ: ಕಲ್ಲು ಮೇಲೇರಿ ಆರುವ ಹೊತ್ತಿಗೆ ಸುತ್ತಲಿನ ನೆಲವೂ ಜಾರುತ್ತಿತ್ತು. ಎರಡೂ ಒಟ್ಟೊಟ್ಟಿಗೇ ನಡೆದವು.

ಈ ಓದಿಗೆ ಒಂದು ಷರತ್ತು ಇದೆ. ಕಲ್ಲನ್ನು ಕೀಳುವ ಮೊದಲು ಅದರ ಮೇಲೆ ಉತ್ತರ ದಿಕ್ಕು ಗುರುತು ಹಾಕಬೇಕು. ನಮ್ಮ ಫ್ಲ್ಯಾಟಿನ ಅಡುಗೆಮನೆಯ ಗ್ರಾನೈಟ್ ಚಪ್ಪಡಿಯಲ್ಲೂ ಹರಳುಗಳು ಒಂದೇ ಕಡೆ ಮಲಗಿರಬಹುದು, ಆದರೆ ಆ ಕಡೆ ಯಾವ ಕಡೆ ಅಂತ ಇನ್ನು ಯಾರೂ ಹೇಳಲಾರರು. ಕ್ವಾರಿಯಿಂದಲೇ ಹೊಸ ಕಲ್ಲಿನ ಮುಖ ಸಿಗೋದೂ ನಿಜ, ಆಮೇಲೆ ಅದೇ ಕ್ವಾರಿ ಅದನ್ನು ಜಲ್ಲಿ ಮಾಡೋದೂ ನಿಜ. ಮಧ್ಯೆ ಸಿಗುವ ಕೆಲವು ದಿನಗಳಲ್ಲಿ ಯಾರಾದರೂ ದಿಕ್ಸೂಚಿ ಹಿಡಿದು ಅಲ್ಲಿಗೆ ಹೋಗಬೇಕು.