ತೂಬು ಎತ್ತುವವನ ಪಾಲು

ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲಿ 1932ರಲ್ಲಿ ಹುಟ್ಟಿದ ಎಸ್. ಎಂ. ಕೃಷ್ಣ 1989ರಿಂದ 1993ರವರೆಗೆ ವಿಧಾನಸಭೆಯ ಸ್ಪೀಕರ್ ಆಗಿದ್ದರು. ಆ ಪೀಠದಲ್ಲಿ ಕೂತವರು ಮತ ಹಾಕುವಂತಿಲ್ಲ. ಎರಡೂ ಕಡೆ ಸಮಸಮ ಬಿದ್ದಾಗ ಮಾತ್ರ ಉಂಟು. ಅವರೇ ಮುಖ್ಯಮಂತ್ರಿಯಾಗಿ 2002ರ ಬರದಲ್ಲಿ ಕಾವೇರಿಗಾಗಿ ಬೆಂಗಳೂರಿನಿಂದ ಮಂಡ್ಯದತ್ತ ಪಾದಯಾತ್ರೆ ಹೊರಟರು, ನೀರು ಬಿಡದ್ದಕ್ಕೆ ಸುಪ್ರೀಂ ಕೋರ್ಟಿನ ಕ್ಷಮೆ ಕೇಳಬೇಕಾಯಿತು. ಆ ವರ್ಷ ನಮ್ಮ ಸೀಮೆಯಲ್ಲಿ ಯಾರೂ ಅವರಿಂದ ನಿಷ್ಪಕ್ಷಪಾತ ಬಯಸಲಿಲ್ಲ. ಒಣಗಿದ ಗದ್ದೆಯ ಬದುವಿನ ಮೇಲೆ ನಿಂತ ನಾನೂ ಬಯಸಲಿಲ್ಲ.

ನೀರಿನ ವಿಷಯದಲ್ಲಿ ಯಾವ ಕಡೆಗೂ ವಾಲದ ಕಣ್ಣು ಇದ್ದೀತೇ? ಸ್ಕಾಟ್ಲೆಂಡಿನ ಆ್ಯಡಂ ಸ್ಮಿತ್ 1759ರಲ್ಲಿ ಬರೆದ ನೀತಿಗ್ರಂಥದಲ್ಲಿ ಅಂಥ ನೋಡುಗನೊಬ್ಬನನ್ನು ಮನುಷ್ಯನ ಎದೆಯೊಳಗೇ ಕೂರಿಸಿದ. ಲಾಭನಷ್ಟವಿಲ್ಲದ ಮೂರನೆಯವನು ನನ್ನನ್ನು ನೋಡಿದರೆ ಏನೆಂದಾನು ಎಂದು ಕೇಳಿಕೊಳ್ಳುವುದು ಅವನು ಹೇಳಿದ ದಾರಿ. ಕನ್ನಂಬಾಡಿ ಕಟ್ಟೆಯ ಬಗ್ಗೆ ಮೈಸೂರಿಗೂ ಮದ್ರಾಸಿಗೂ ಜಗಳ ಹತ್ತಿದಾಗ ಅಂಥ ಮೂರನೆಯವರನ್ನೇ ಕರೆಸಿದರು: ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶ ಗ್ರಿಫಿನ್. 1914ರಲ್ಲಿ ಅವರು ಕೊಟ್ಟ ತೀರ್ಪನ್ನು ಮದ್ರಾಸು ಒಪ್ಪಲಿಲ್ಲ. ದೂರು ಲಂಡನ್ನಿನವರೆಗೆ ಹೋಗಿ, ಕೊನೆಗೆ 1924ರಲ್ಲಿ ಎರಡೂ ಸರ್ಕಾರಗಳು ತಾವೇ ಕೂತು ಒಪ್ಪಂದಕ್ಕೆ ಸಹಿ ಹಾಕಿದವು. ದೂರದಿಂದ ಬಂದವನಿಗೆ ಪಕ್ಷವಿರಲಿಲ್ಲ, ಸರಿ. ಪಾಲೂ ಇರಲಿಲ್ಲ.

ನಮ್ಮ ಕೆರೆಗಳಿಗೆ ಇದಕ್ಕಿಂತ ಹಳೆಯ ಏರ್ಪಾಡೊಂದಿತ್ತು: ನೀರಗಂಟಿ. ತೂಬು ಎತ್ತುವುದು, ಕಾಲುವೆಯ ಹೂಳು ತೆಗೆಸುವುದು, ಮಳೆಗಾಲದಲ್ಲಿ ಏರಿಯ ಮೇಲೆ ಕಾವಲಿರುವುದು ಅವನ ಕೆಲಸ. ನೀರು ಸಾಲದ ವರ್ಷ ಸರದಿ ಕಟ್ಟುತ್ತಿದ್ದವನೂ ಅವನೇ. ಗೌಡರ ಗದ್ದೆಗಾಗಲಿ ವಿಧವೆಯ ಮಡಿಗಾಗಲಿ ಅವನು ಬಾಯಿ ಬಿಡಿಸದೆ ಹನಿ ಇಳಿಯುವಂತಿರಲಿಲ್ಲ. ಸುಗ್ಗಿಯಲ್ಲಿ ಅವನು ಕಣದಿಂದ ಕಣಕ್ಕೆ ಬರುತ್ತಿದ್ದುದನ್ನು ನಮ್ಮಜ್ಜಿ ಹೇಳುತ್ತಿದ್ದಳು. ರಾಶಿ ಪೂಜೆ ಆದಮೇಲೆ ಅವನ ಪಾಲು ಅಳೆದುಕೊಡದೆ ಭತ್ತ ಮನೆಗೆ ಸಾಗುತ್ತಿರಲಿಲ್ಲವಂತೆ. ಯಾವ ಗದ್ದೆ ಒಣಗಿದರೂ ಅವನ ಚೀಲ ಅಷ್ಟು ಹಗುರಾಗುತ್ತಿತ್ತು. ಅವನ ನ್ಯಾಯದ ಬೇರು ಅಲ್ಲಿದೆ ಎಂದು ನಾನು ನಂಬಿದ್ದೇನೆ. ಸ್ಮಿತ್‌ನ ನೋಡುಗನಿಗೆ ಯಾವ ಗದ್ದೆಯಲ್ಲೂ ಪಾಲಿಲ್ಲ. ನೀರಗಂಟಿಗೆ ಎಲ್ಲ ಗದ್ದೆಯಲ್ಲೂ ಇತ್ತು.

ಹಾಗೆಂದು ಆ ಕಾಲವನ್ನು ಹೊಗಳಲಾರೆ. ಹಳೇ ಮೈಸೂರಿನ ಬಹಳ ಊರುಗಳಲ್ಲಿ ನೀರಗಂಟಿಗಳು ದಲಿತರು. ಇಡೀ ಅಚ್ಚುಕಟ್ಟಿನ ನೀರನ್ನು ಅಳೆದು ಹಂಚಿದ ಕೈ ಊರಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ನಾಲ್ಕು ಜನರ ನಡುವೆ ತಕರಾರು ತೀರಿಸಿದವನ ತಕರಾರು ಕೇಳಲು ಯಾವ ಮಧ್ಯಸ್ಥನೂ ಬರಲಿಲ್ಲ. ಇದನ್ನು ಬಿಟ್ಟು ನೀರಗಂಟಿಯ ಕಥೆ ಹೇಳುವುದು ಅವನಿಗೆ ಮತ್ತೊಮ್ಮೆ ಮಾಡುವ ಅನ್ಯಾಯ.

ಗ್ರಾಮಾಧಿಕಾರ ರದ್ದತಿ ಕಾಯ್ದೆ 1961ರಲ್ಲಿ ಬಂತು, 1963ರಲ್ಲಿ ಜಾರಿಯಾಯಿತು. ಪಟೇಲ, ಶಾನುಭೋಗರ ವಂಶಪಾರಂಪರ್ಯದ ಅಧಿಕಾರ ಹೋಯಿತು, ಚಾಕರಿಯ ಹುದ್ದೆಗಳೂ ಹೋದವು. ಹೋದದ್ದು ಒಳ್ಳೆಯದೇ, ಹುಟ್ಟಿನಿಂದ ಅಂಟಿದ ಚಾಕರಿ ಯಾರಿಗೂ ಬೇಡ. ಆದರೆ ಅದರ ಜೊತೆಗೆ ಕಣದ ಪಾಲೂ ಹೋಯಿತು. ಈಗ ನಾಲೆಯ ಗೇಟು ತಿರುಗಿಸುವ ಸೌಡಿಗಳಿಗೆ ಸಿಗುವುದು ಕೂಲಿ. ಕಡೇ ಭಾಗದ ಗದ್ದೆಗೆ ನೀರು ಮುಟ್ಟಿದರೂ ಅದು ಅಷ್ಟೇ, ಮುಟ್ಟದಿದ್ದರೂ ಅಷ್ಟೇ.