ಆಲೂಗಡ್ಡೆಯ ತಾಯಿವಂಶ: ಡಿಎನ್‌ಎ ಗುರುತು ತಿದ್ದಿದ ಚರಿತ್ರೆ

1567ರಲ್ಲಿ ಕ್ಯಾನರಿ ದ್ವೀಪಗಳಿಂದ ಹೊರಟ ಹಡಗು ಸರಕಿನ ದಾಖಲೆಯಲ್ಲಿ ಆಲೂಗಡ್ಡೆಯ ಉಲ್ಲೇಖವಿದೆ. ಅದು ಬಂದದ್ದು ಆಂಡೀಸ್ ಬೆಟ್ಟಗಳಿಂದಲೋ, ಚಿಲಿಯ ದಕ್ಷಿಣ ಕರಾವಳಿಯಿಂದಲೋ? 1929ರಲ್ಲಿ ಸೋವಿಯತ್ ವಿಜ್ಞಾನಿಗಳಾದ ಯುಜೆಪ್ಚುಕ್ ಮತ್ತು ಬುಕಾಸೊವ್ ಚಿಲಿಯ ಪರ ನಿಂತರು. ಯುರೋಪಿನ ಬೇಸಿಗೆಯ ದೀರ್ಘ ಹಗಲಿನಲ್ಲೂ ಗಡ್ಡೆ ಕಟ್ಟುವುದು ಚಿಲಿಯ ತಳಿಗಳೇ ಎಂಬುದು ಅವರ ಆಧಾರ. ಇಂಗ್ಲೆಂಡಿನ ಸ್ಯಾಲಮನ್ ಮತ್ತು ಹಾಕ್ಸ್ ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ ಮೊದಲು ಬಂದದ್ದು ಆಂಡೀಸ್ ತಳಿ. 1845ರಿಂದ ಹಬ್ಬಿದ ಅಂಗಮಾರಿ ರೋಗ ಅದನ್ನು ನಾಶಮಾಡಿದ ಮೇಲೆ ಆ ಜಾಗಕ್ಕೆ ಚಿಲಿಯ ತಳಿ ಬಂತು. ಎಲೆಯ ಆಕಾರ, ಹಳೆಯ ಬರಹಗಳನ್ನು ನಂಬಿ ಕಟ್ಟಿದ ಈ ಕಥನ ದಶಕಗಳ ಕಾಲ ಉಳಿಯಿತು.

ಅದನ್ನು ಪರೀಕ್ಷಿಸಲು ನೆರವಾದದ್ದು ಒಂದು ಕೊರತೆ. ಚಿಲಿಯ ಬಹುಪಾಲು ನಾಡತಳಿಗಳ ಕ್ಲೋರೋಪ್ಲಾಸ್ಟ್ ಡಿಎನ್‌ಎಯಲ್ಲಿ 241 ಅಕ್ಷರಗಳಷ್ಟು ತುಣುಕು ಇಲ್ಲ. ಆಂಡೀಸ್‌ನ ಬಹುಪಾಲು ತಳಿಗಳಲ್ಲಿ ಅದು ಇದೆ. ಆಲೂಗಡ್ಡೆಯ ಕ್ಲೋರೋಪ್ಲಾಸ್ಟ್ ಪರಾಗದ ಮೂಲಕ ಬರುವುದಿಲ್ಲ, ತಾಯಿಗಿಡದಿಂದ ಮಾತ್ರ ಬರುತ್ತದೆ. ಹಾಗಾಗಿ ಎಷ್ಟು ಸಂಕರಗಳಾದರೂ ತಾಯಿಯ ಕಡೆಯ ಈ ಗುರುತು ಅಳಿಯುವುದಿಲ್ಲ.

ಮರ್ಸಿಡಿಸ್ ಏಮ್ಸ್ ಮತ್ತು ಡೇವಿಡ್ ಸ್ಪೂನರ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನ ದೃಷ್ಟಿಯಲ್ಲಿ ಈ ವಿವಾದದ ತಿರುವು. 1700ರಿಂದ 1910ರವರೆಗಿನ 49 ಒಣಸಸ್ಯ ಮಾದರಿಗಳಲ್ಲಿ ಅವರು ಈ ಗುರುತನ್ನು ಹುಡುಕಿದರು. ಹದಿನೆಂಟನೇ ಶತಮಾನದಲ್ಲಿ ಆಂಡೀಸ್ ತಳಿಯದೇ ಪ್ರಾಬಲ್ಯ. ಇಷ್ಟರಮಟ್ಟಿಗೆ ಸ್ಯಾಲಮನ್ ಸರಿ. ಆದರೆ ಚಿಲಿಯ ಗುರುತು 1811ರಷ್ಟು ಮುಂಚೆಯೇ, ಅಂದರೆ ಅಂಗಮಾರಿಗೆ ಮೂರು ದಶಕಗಳ ಹಿಂದೆಯೇ ಯುರೋಪಿನಲ್ಲಿತ್ತು. ಆಂಡೀಸ್ ಗುರುತು 1892ರವರೆಗೂ ಸಿಗುತ್ತದೆ. ರೋಗ ಒಂದನ್ನು ಅಳಿಸಿ ಇನ್ನೊಂದನ್ನು ತಂದಿತೆಂಬ ವಾದ ಇಲ್ಲಿಗೆ ಬಿತ್ತು.

ಭಾರತದ ಸಾಕ್ಷ್ಯವೂ ತಲೆಕೆಳಗಾಯಿತು. ನಮ್ಮ ಹಳೆಯ ತಳಿಗಳು ಯುರೋಪಿನಿಂದ ಮೊದಲು ಬಂದ ಆಂಡೀಸ್ ಆಲೂಗಡ್ಡೆಯ ಉಳಿಕೆಗಳೆಂದು ಕೆಲವರು ಭಾವಿಸಿದ್ದರು. 2005ರಲ್ಲಿ ಸ್ಪೂನರ್ ಮತ್ತು ಸಂಗಡಿಗರು ಕ್ಲೋರೋಪ್ಲಾಸ್ಟ್ ಜೊತೆಗೆ ಕೋಶಕೇಂದ್ರದ ಡಿಎನ್‌ಎಯನ್ನೂ ನೋಡಿದಾಗ ಅವು ಚಿಲಿಯ ಕಡೆಗೇ ಬೊಟ್ಟುಮಾಡಿದವು. ಇಂದು ಹೊಲದಲ್ಲಿರುವ ತಳಿಯನ್ನು ಎರಡು ಶತಮಾನಗಳ ಹಿಂದಿನ ಸಾಕ್ಷಿಯಾಗಿ ನಿಲ್ಲಿಸುವುದು ಎಷ್ಟು ಅಪಾಯಕರ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಆಧುನಿಕ ತಳಿಗಳಲ್ಲಿ ಚಿಲಿಯ ಗುರುತು ವ್ಯಾಪಕವಾಗಲು ಒಬ್ಬ ಪಾದ್ರಿಯ ಶ್ರಮವೂ ಕಾರಣ. ನ್ಯೂಯಾರ್ಕ್ ರಾಜ್ಯದ ಚಾನ್ಸಿ ಗುಡ್‌ರಿಚ್ 1851ರಲ್ಲಿ ಪನಾಮಾದ ಮೂಲಕ 'ರಫ್ ಪರ್ಪಲ್ ಚಿಲಿ' ಗಡ್ಡೆಗಳನ್ನು ತರಿಸಿಕೊಂಡರು. ಅದರ ಬೀಜದಿಂದ 'ಗಾರ್ನೆಟ್ ಚಿಲಿ', ಅದರಿಂದ 'ಅರ್ಲಿ ರೋಸ್', ಮುಂದೆ ಲೂಥರ್ ಬರ್‌ಬ್ಯಾಂಕರ 'ಬರ್‌ಬ್ಯಾಂಕ್' ಹುಟ್ಟಿದವು. ಕಾಯಿ ಬಿಟ್ಟ ಗಿಡವೇ ತಾಯಿಯಾದ್ದರಿಂದ ತಂದೆ ಯಾವುದೆಂದು ತಿಳಿಯದಿದ್ದರೂ ಈ ಸರಣಿ ಕಡಿಯದೆ ನಿಂತಿದೆ.

ಆದರೆ ತಾಯಿಯ ಕಡೆಯ ಗುರುತು ಅರ್ಧ ಚರಿತ್ರೆಯನ್ನಷ್ಟೇ ಹೇಳಬಲ್ಲದು. ಡಾರ್ವಿನ್ ಬೀಗಲ್ ಯಾನದಲ್ಲಿ ಸಂಗ್ರಹಿಸಿದ ಮಾದರಿಗಳೂ ಸೇರಿ 88 ಸಸ್ಯಗಳ ಜೀನೋಮ್ ಅನ್ನು 2019ರಲ್ಲಿ ಓದಿದ ಸಂಶೋಧಕರು ತಂದೆಯ ಕಡೆಯ ವಂಶವನ್ನೂ ಮುಂದಿಟ್ಟರು. 1650–1750ರ ಯುರೋಪಿನ ಗಿಡಗಳು ಆಂಡೀಸ್ ತಳಿಗಳ ಹತ್ತಿರದ ಬಂಧುಗಳು. ದೀರ್ಘ ಹಗಲಿನಲ್ಲಿ ಗಡ್ಡೆ ಕಟ್ಟಲು ನೆರವಾಗುವ ಸಿಡಿಎಫ್1 ಎಂಬ ವಂಶವಾಹಿಯ ಈಗ ತಿಳಿದಿರುವ ರೂಪಗಳು ಅವುಗಳಲ್ಲಿರಲಿಲ್ಲ. ಹತ್ತೊಂಬತ್ತನೇ ಶತಮಾನದ ಮಾದರಿಗಳಲ್ಲಿ ಮಾತ್ರ ಅವು ಕಾಣಸಿಗುತ್ತವೆ.